ಈರಣ್ಣನ ಕಂಬಳಿ ಮತ್ತು ನನ್ನ ಮೊಳೆ

ಬಣ್ಣ ಬಳಿಯಲು ಬಂದ ರಫೀಕ್ ನಡುಮನೆಯ ಗೋಡೆಯ ಮುಂದೆ ನಿಂತು, “ಈ ಮೊಳೆ ಇರ್ಲಾ, ಕೀಳ್ಲಾ ಸಾರ್?” ಎಂದು ಕೇಳಿದ.

ಇಷ್ಟು ಸಣ್ಣ ಪ್ರಶ್ನೆಗೆ ಎಷ್ಟು ಹೊತ್ತು ಬೇಕು, ನೀವೇ ಹೇಳಿ. ನಾನು ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಅವನು ಪಾಪ, ಸ್ವಲ್ಪ ಹೊತ್ತು ಕಾದು ಪಕ್ಕದ ಗೋಡೆಯನ್ನು ಉಜ್ಜತೊಡಗಿದ. ಅದು ನಾಲ್ಕಿಂಚಿನ ದಪ್ಪ ಮೊಳೆ. ಆರು ವರ್ಷದ ಹಿಂದೆ ನಾನೇ ಸುತ್ತಿಗೆ ಹಿಡಿದು, ಹೆಬ್ಬೆರಳು ಜಜ್ಜಿಕೊಂಡು ಹೊಡೆದದ್ದು. ಅಂದಿನಿಂದ ಇಂದಿನವರೆಗೆ ಅದಕ್ಕೆ ಒಂದು ಕ್ಯಾಲೆಂಡರೂ ನೇತುಬಿದ್ದಿಲ್ಲ. ಬಂದವರು ಕೇಳಿದರೆ ನನ್ನ ಹೆಂಡತಿ ಪದ್ಮ, “ಅದು ನಮ್ಮನೆಯವರ ಮರ್ಯಾದೆ ತೂಗುಹಾಕೋ ಮೊಳೆ” ಅನ್ನುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳೇನಿಲ್ಲ.

ನಾನು ತುರುವೇಕೆರೆಯಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ನಿವೃತ್ತನಾದ ಮೇಲೆ ಕೆಲವರಿಗೆ ದೇವಸ್ಥಾನ, ಕೆಲವರಿಗೆ ಇಸ್ಪೀಟು ಹಿಡಿಯುತ್ತದೆ. ನನಗೆ ಕೈಕೆಲಸದವರ ಊರುಗಳನ್ನು ನೋಡುವ ಚಟ ಹಿಡಿಯಿತು. ಮಡಕೆ ಮಾಡುವವರು, ಬುಟ್ಟಿ ಹೆಣೆಯುವವರು, ತೆಂಗಿನ ನಾರಿನ ಹಗ್ಗ ಹೊಸೆಯುವವರು ಎಲ್ಲಿದ್ದಾರೆಂದು ಕೇಳಿಕೊಂಡು ಬಸ್ಸು ಹತ್ತುವುದು, ಹೋಗಿ ಅವರ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂರುವುದು. “ನಿಮಗೆ ಬೇರೆಯವರು ಕೆಲಸ ಮಾಡೋದನ್ನ ನೋಡೋದು ಅಂದ್ರೆ ಪ್ರಾಣ” ಎಂದು ಪದ್ಮ ಅದಕ್ಕೊಂದು ವ್ಯಾಖ್ಯಾನ ಬರೆದಳು. ಸುಮ್ಮನೆ ನೋಡಿದ್ದರೆ ಪರವಾಗಿರಲಿಲ್ಲ. ನಾನು ಸಲಹೆಯನ್ನೂ ಕೊಡುತ್ತಿದ್ದೆ. ದಬ್ಬೇಘಟ್ಟದ ಕಡೆ ಒಬ್ಬರು ಕುಂಬಾರರಿಗೆ ಹೂಜಿಯ ಕತ್ತು ಹೇಗಿದ್ದರೆ ಚೆಂದ ಎಂದು ವಿವರಿಸುತ್ತಿದ್ದಾಗ ಅವರು ತಣ್ಣಗೆ ಎದ್ದು ತಿಗರಿಯ ಮುಂದೆ ನನಗೆ ಜಾಗ ಬಿಟ್ಟುಕೊಟ್ಟರು. ನಾನು ಮಾಡಿದ್ದು ಎಮ್ಮೆ ತುಳಿದ ತಂಬಿಗೆಯ ಹಾಗೆ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ತಿಗರಿ ಡೊಂಕು ಅಂದೆ.

ಹೀಗೆ ತಿರುಗುವಾಗಲೇ ಈರಣ್ಣ ಸಿಕ್ಕಿದ್ದು. ಹುಳಿಯಾರಿನಲ್ಲಿ ಇಳಿದು ಬೋರನಕಣಿವೆಯ ಕಡೆಗೆ ಒಂದಷ್ಟು ದೂರ ಹೋದರೆ ತೆಂಗಿನ ತೋಟಗಳು ಕಡಿಮೆಯಾಗಿ ಕುರಿಗಳು ಹೆಚ್ಚಾಗುತ್ತವೆ. ಅಲ್ಲಿನ ಒಂದು ಹಟ್ಟಿಯಲ್ಲಿ ಅವನ ಮನೆ. ಜಗಲಿಯಲ್ಲಿ ಗುಂಡಿ ಮಗ್ಗ. ಸೊಂಟದವರೆಗೆ ಗುಂಡಿಯೊಳಗೆ ಇಳಿದು ಕೂತು ನೇಯುತ್ತಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು, ಕಣ್ಣು ಸ್ವಲ್ಪ ಮಂಜು, ಮಾತು ಕಡಿಮೆ. ಅವನ ಹೆಂಡತಿ ಕೆಂಚಮ್ಮ ಕರಿ ಉಣ್ಣೆ ನೂಲುತ್ತಿದ್ದಳು. ಒಲೆಯ ಮೇಲೆ ಹುಣಸೆಬೀಜದ ಗಂಜಿ ಕುದಿಯುತ್ತಿತ್ತು. ಅದನ್ನು ನೂಲಿಗೆ ಬಳಿದರೆ ಎಳೆ ಬಿಗಿಯಾಗುತ್ತದಂತೆ. ಕುರಿಯ ವಾಸನೆ, ಆ ಗಂಜಿಯ ವಾಸನೆ ಎರಡೂ ಸೇರಿ ಮೂಗಿಗೆ ಹೊಡೆಯುತ್ತಿದ್ದವು. ನಾನು ಕರವಸ್ತ್ರ ತೆಗೆದು, ಅವರು ನೋಡಿಯಾರೆಂದು ಮತ್ತೆ ಜೇಬಿಗೆ ಹಾಕಿಕೊಂಡೆ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಕಂಬಳಿ ಮುಗಿದ ಮೇಲೆ ಕೊಳ್ಳಲು ಬಂದವನೂ ಸೇರಿ ನಾಲ್ಕು ಜನ ನಾಲ್ಕು ಮೂಲೆ ಹಿಡಿಯಬೇಕು. ಈರಣ್ಣ ನಡುವೆ ಒಂದು ಬಿಂದಿಗೆ ನೀರು ಹುಯ್ಯುತ್ತಾನೆ. ನೀರು ಹಾಗೇ ತೂಗುತ್ತಾ ನಿಲ್ಲಬೇಕು. ಒಂದು ವೀಳ್ಯ ಹಾಕಿ ಮುಗಿಸುವಷ್ಟು ಹೊತ್ತಾದರೂ ಕೆಳಗೆ ಹನಿ ಬೀಳದಿದ್ದರೆ, “ತಗಂಡೋಗು” ಎನ್ನುತ್ತಿದ್ದ. ಕುರಿ ಕಾಯುವವರಿಗೆ ಬಯಲಲ್ಲಿ ಸೂರು ಅಂದರೆ ಇದೇ ಅಲ್ಲವೇ? ಹಾಗಾಗಿ ಅವನು ಎಲ್ಲರಿಗೂ ಒಂದು ಮಾತು ಕೊಟ್ಟಿದ್ದ: “ನನ್ ಕಂಬ್ಳಿ ಸೋರಿದ್ ದಿನ ಲಾಳಿ ಎತ್ತಿಡ್ತೀನಿ, ನೇಯೋದ್ ಬುಡ್ತೀನಿ.”

ನಾನು ಒಂದು ಕೇಳಿದೆ. ಯಾರಿಗೆ ಎಂದ. ಕೊಳ್ಳುವವನ ಎತ್ತರ ನೋಡಿ ನೇಯುವುದು ಅವನ ಕ್ರಮ. ಹೊದೆಯುವುದಕ್ಕಲ್ಲ, ನಡುಮನೆಯ ಗೋಡೆಗೆ ಹಾಕುತ್ತೇನೆ, ನಾಲ್ಕು ಜನ ನೋಡಿ ಮೆಚ್ಚುತ್ತಾರೆ ಎಂದು ದೊಡ್ಡದಾಗಿ ಹೇಳಿದೆ.

“ಗೋಡೆಗೂ ಚಳಿ ಆಯ್ತದಾ ಮೇಷ್ಟ್ರೇ?” ಎಂದು ಈರಣ್ಣ ಕೇಳಿದ. ತಮಾಷೆಗಲ್ಲ, ನಿಜವಾಗಿಯೇ ಕೇಳಿದ.

ಹೊದೆಯುತ್ತೇನೆ ಎಂದು ಒಪ್ಪಿಕೊಂಡ ಮೇಲೆಯೇ ಕಂಬಳಿ ಕೈಗೆ ಬಂದದ್ದು. ಮನೆಗೆ ಬಂದವನೇ ಮೊಳೆ ಹೊಡೆದೆ. ಅದೇ ಈ ಮೊಳೆ. ಆದರೆ ಪದ್ಮ, ಕುರಿಹಟ್ಟಿಯನ್ನು ನಡುಮನೆಗೆ ತಂದಿದ್ದೀರಿ, ಮೊದಲು ಆ ವಾಸನೆ ಹೋಗಬೇಕು ಅಂದಳು. ಬಿಸಿಲಿಗೆ ಹಾಕಿ ಎನ್ನುವುದು ಅವಳ ಅರ್ಥ. ನನಗೆ ಅಷ್ಟು ತಾಳ್ಮೆ ಎಲ್ಲಿ? ಅವಳು ತಿಪಟೂರಿಗೆ ತಂಗಿಯ ಮನೆಗೆ ಹೋದ ದಿನ ಬಿಸಿನೀರು ಕಾಯಿಸಿ, ಸೋಪಿನ ಪುಡಿ ಸುರಿದು, ಸಾಲದೆಂದು ಶಾಂಪೂ ಹಿಂಡಿ, ಕಂಬಳಿಯನ್ನು ನೆನೆಹಾಕಿ, ಕಾಲಲ್ಲಿ ತುಳಿದು ಒಗೆದೆ. ಆಹಾ, ಒಣಗಿದ ಮೇಲೆ ಹೂವಿನ ಹಾಗಿತ್ತು. ಚುಚ್ಚುವುದಿಲ್ಲ, ವಾಸನೆಯಿಲ್ಲ. ಇದನ್ನು ಈರಣ್ಣನಿಗೆ ತೋರಿಸಿ, ಹೀಗೆ ತೊಳೆದು ಮಾರಿದರೆ ಪೇಟೆಯವರು ಮುಗಿಬೀಳುತ್ತಾರೆ ಎಂದು ಸಲಹೆ ಕೊಡಬೇಕೆನಿಸಿತು. ಗೋಡೆಗೆ ಹಾಕುವುದಕ್ಕೆ ಮುಂಚೆ ಹೆಗಲಿಗೆ ಹಾಕಿಕೊಂಡು ಹುಳಿಯಾರಿನ ಬಸ್ಸು ಹತ್ತಿದೆ.

ಅಲ್ಲಿ ಆರೇಳು ಜನ ಕುರಿಗಾರರು ಸೇರಿದ್ದರು. ಅವರಲ್ಲಿ ಒಬ್ಬ ಹೊಸಬ, ಪೇಟೆಯ ಟಾರ್ಪಾಲಿನ ಮುಂದೆ ಕಂಬಳಿ ಯಾವ ಲೆಕ್ಕ ಎಂದು ವಾದಿಸುತ್ತಿದ್ದ. ಅವನಿಗೆ ನೀರು ಹುಯ್ದು ತೋರಿಸೋಣವೆಂದರೆ ಮಗ್ಗದ ಮೇಲಿನದು ಇನ್ನೂ ಮುಗಿದಿರಲಿಲ್ಲ. ಈರಣ್ಣ ನನ್ನನ್ನು ಕಂಡದ್ದೇ, “ಮೇಷ್ಟ್ರ ಹೆಗಲ ಮೇಲೈತಲ್ಲ, ಅದ್ನೇ ಹಿಡೀರಿ” ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ನಾಲ್ಕು ಜನ ಹಿಡಿದಾಗಿತ್ತು. ಬಿಂದಿಗೆ ಬಗ್ಗಿಸಿದ.

ನೀರು ಜರಡಿಯಲ್ಲಿ ಹುಯ್ದ ಹಾಗೆ ಇಳಿದುಹೋಯಿತು.

ಈರಣ್ಣ ಅಂಚನ್ನು ಹಿಡಿದು ಮುಖದ ಹತ್ತಿರ ತಂದ. ಮಂಜುಗಣ್ಣು, ಹತ್ತಿರದಿಂದ ನೋಡುತ್ತಿದ್ದಾನೆ ಅಂದುಕೊಂಡೆ. ಒಂದು ಸಲ ನನ್ನ ಕಡೆ ತಿರುಗಿದ. ಆಗ ನಾನು ಹೇಳಬೇಕಿತ್ತು, ಒಗೆದುಬಿಟ್ಟೆ ಕಣಪ್ಪ, ತಪ್ಪು ನನ್ನದು ಎಂದು. ನನ್ನ ಬಾಯಿಂದ ಬಂದದ್ದೇನು ಗೊತ್ತೇ? “ನೀರು ಜಾಸ್ತಿ ಆಯ್ತೇನೋ.” ಈ ಮಾತು ನೆನಪಾದರೆ ಈಗಲೂ ನನಗೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ. ಈರಣ್ಣ ಗುಂಡಿಗೆ ಇಳಿದು ಲಾಳಿ ತೆಗೆದುಕೊಂಡು ಬಂದು ಸೂರಿನ ಬಿದಿರು ಗಳುವಿಗೆ ಸಿಕ್ಕಿಸಿದ. ಅರ್ಧ ನೇಯ್ದ ಕಂಬಳಿ ಮಗ್ಗದಲ್ಲೇ ಉಳಿಯಿತು.

ಮೂರು ವಾರ ನನಗೆ ಬಿಸಿತುಪ್ಪದ ಪಾಡು, ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಪದ್ಮನಿಗೆ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಚೀಲಕ್ಕೆ ಕಂಬಳಿ ತುಂಬಿ ಕೈಗೆ ಕೊಟ್ಟಳು, ಅಷ್ಟೇ.

ಹೋದರೆ ಮಗ್ಗದ ಗುಂಡಿಗೆ ಹಲಗೆ ಮುಚ್ಚಿದ್ದರು. ಕೆಂಚಮ್ಮ ಎಂದಿನಂತೆಯೇ ಮಜ್ಜಿಗೆ ತಂದುಕೊಟ್ಟಳು. ಅವಳು ಮುಖ ತಿರುಗಿಸಿದ್ದರೆ ನನಗೆ ಎಷ್ಟೋ ವಾಸಿಯಿತ್ತು. ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ, ಶಾಂಪೂ ಸಮೇತ.

“ಗೊತ್ತಿತ್ತು ಬುಡಿ” ಅಂದ ಈರಣ್ಣ. “ಮೂಗಿಗೆ ಹಿಡಿದಾಗ್ಲೇ ಸೋಪಿನ ವಾಸ್ನೆ ಬಂತು. ಉಣ್ಣೆ ಜಿಡ್ಡೂ ಹೋಗೈತೆ, ಗಂಜೀನೂ ಹೋಗೈತೆ. ಇನ್ನೇನ್ ನಿಲ್ತದೆ ನೀರು?”

ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಎಂದೆ.

“ನಾನೇ ಹೇಳಿದ್ರೆ ನೆಪ ಹೇಳ್ದಂಗಾಯ್ತದೆ ಮೇಷ್ಟ್ರೇ. ಮನೆಗೆ ಬಂದೋರ ಮರ್ವಾದೆ ಕಳೀಬಾರ್ದು. ನೀವು ಹೇಳ್ಬೇಕಾಗಿತ್ತು.” ಮತ್ತೆ ಸೇರಿಸಿದ, “ನನ್ ಮುಂದೆ ಅಲ್ಲ. ಅವ್ರ ಮುಂದೆ.”

ಮುಂದಿನ ಸಂತೆಯ ದಿನ ಹುಳಿಯಾರಿನ ಹೋಟೆಲಿನ ಮುಂದೆ ಅದೇ ಕುರಿಗಾರರು ಸಿಕ್ಕಿದರು. ಮೂವತ್ತು ವರ್ಷ ತರಗತಿಯಲ್ಲಿ ಕೂಗಾಡಿದ ಗಂಟಲು ಅಂದು ಕೈಕೊಟ್ಟಿತು. ತೊದಲುತ್ತಲೇ ಒಪ್ಪಿಕೊಂಡೆ. ಆಮೇಲೆ ಆ ಟಾರ್ಪಾಲಿನವನೇ ಟೀ ಲೋಟ ಕೆಳಗಿಟ್ಟು, “ಕುರೀಗೂ ಶಾಂಪೂ ಹಾಕ್ಬೇಕಾ ಮೇಷ್ಟ್ರೇ?” ಎಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅಷ್ಟು ನಗೆಪಾಟಲಾದ ದಿನ ನನ್ನ ಜೀವನದಲ್ಲಿ ಇನ್ನೊಂದಿಲ್ಲ, ಅಷ್ಟು ಹಗುರಾದ ದಿನವೂ ಇಲ್ಲ. ಅವತ್ತೇ ಅವರೆಲ್ಲ ಈರಣ್ಣನ ಮನೆಗೆ ಬಂದರು. ಗಳುವಿನಿಂದ ಲಾಳಿ ತೆಗೆದು ಕೊಟ್ಟವನೂ ಆ ಟಾರ್ಪಾಲಿನವನೇ.

ನಾನು ಕೆಡಿಸಿದ ಕಂಬಳಿಯನ್ನು ಕೆಂಚಮ್ಮ ಇಟ್ಟುಕೊಂಡಳು. ಮೆತ್ತಗಿದೆ, ಮೊಮ್ಮಗುವಿನ ತೊಟ್ಟಿಲಿಗೆ ಆಗುತ್ತದೆ ಅಂದಳು. ನನಗೆ ಬೇರೆಯದು ಬೇಕೆಂದು ಕೇಳಿದೆ, ಸರದಿಯಲ್ಲಿ ಕಾಯಬೇಕಾಯಿತು. ನೀರು ಹುಯ್ಯುವ ದಿನ ಒಂದು ಮೂಲೆಯನ್ನು ನಾನೇ ಹಿಡಿದಿದ್ದೆ. ನೀರು ನಿಂತಿತು.

ಅದನ್ನು ಗೋಡೆಗೆ ಹಾಕಲು ಮನಸ್ಸು ಬರಲಿಲ್ಲ. ನಿಜ ಹೇಳಬೇಕೆಂದರೆ ಹೊದೆಯಲೂ ಇಲ್ಲ. ಎಲ್ಲಿ ಮತ್ತೆ ಕೆಡಿಸಿಬಿಡುತ್ತೇನೋ ಎಂದು ಬೀರುವಿನಲ್ಲಿ ಮಡಿಸಿಟ್ಟೆ. ಮೊಳೆಗೆ ನೇತುಹಾಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಇವತ್ತು ಈ ಕುರ್ಚಿಯಲ್ಲಿ ಕೂತಾಗಲೇ ಹೊಳೆದದ್ದು.

“ಕಿತ್ಬುಡಪ್ಪ” ಎಂದೆ ರಫೀಕನಿಗೆ. ಮೊಳೆ ಸುಲಭಕ್ಕೆ ಬರಲಿಲ್ಲ. ಬಂದ ಮೇಲೆ ಆ ತೂತಿಗೆ ಪುಟ್ಟಿ ತುಂಬಿ ಸವರಿದ.

ಸಂಜೆ ಅವನು ಹೊರಡುವ ಹೊತ್ತಿಗೆ ಮಳೆ ಹಿಡಿಯಿತು. ಅವನ ಊರು ದೂರ, ಇರುವುದು ಹಳೆಯ ಮೊಪೆಡ್ಡು. ಬೀರು ತೆರೆದು ಕಂಬಳಿ ತಂದು ಅವನ ತಲೆಯ ಮೇಲಿಂದ ಹೊದೆಸಿದೆ. ಹಳೆಯ ವಾಸನೆ ನಡುಮನೆಯಲ್ಲೆಲ್ಲ ತುಂಬಿಕೊಂಡಿತು. ಪದ್ಮ ಅಡುಗೆಮನೆಯಿಂದ ಇಣುಕಿ ನೋಡಿದಳು.

“ಒಳ್ಳೇ ಮಾಲು ಸಾರ್, ನೆಂದೋಗ್ತದಲ್ಲ” ಎಂದು ಅವನು ಹಿಂಜರಿದ.

“ನೆನೀಲಿ. ಸೋರಿದ್ರೆ ಮಾತ್ರ ನಾಳೆ ಬಂದು ಎಲ್ಲರ ಮುಂದೇನೇ ಹೇಳು” ಎಂದೆ.