ಸರ್ವರ್ ರೂಟರ್ ಆದ ಬೆಳಿಗ್ಗೆ

ಜೆ.ಪಿ. ನಗರದ ನೆಲಮಾಳಿಗೆಯೊಂದರಲ್ಲಿ ನಾನು ದೃಷ್ಟಿಹೀನ ಮಹಿಳೆಯರಿಗೆ ಕಂಪ್ಯೂಟರ್ ಕಲಿಸುತ್ತೇನೆ. ಆ ಬೆಳಿಗ್ಗೆ ಆನ್‌ಲೈನ್ ಪರೀಕ್ಷೆಗೆ ಅರ್ಧ ಗಂಟೆಯಿದೆ ಎನ್ನುವಾಗ, ಎಲ್ಲ ಕಂಪ್ಯೂಟರುಗಳಿಗೂ ಇಂಟರ್ನೆಟ್ ಹಂಚುವ ರೂಟರ್ ಸುಟ್ಟುಹೋಯಿತು. ಅಲ್ಲಿ ಮೊಬೈಲ್ ಸಿಗ್ನಲ್ ಕೂಡ ಸಿಗದು. ಪರೀಕ್ಷೆ ಪಾಸಾದರಷ್ಟೇ ಅವರಿಗೆ ಕೆಲಸದ ಸಂದರ್ಶನ.

ಮೂಲೆಯಲ್ಲಿದ್ದ ಹಳೆಯ ಸರ್ವರನ್ನೇ ರೂಟರ್ ಮಾಡಲು ಕುಳಿತೆ. ಎಲ್ಲರಿಗೂ ಗೊತ್ತಾಗಲೆಂದು ಮಾಡುವುದನ್ನೆಲ್ಲ ಜೋರಾಗಿ ಹೇಳುತ್ತಿದ್ದೆ. ಸರ್ವರ್‌ಗೇನೋ ಇಂಟರ್ನೆಟ್ ಬಂತು. ಅದಕ್ಕೆ ಜೋಡಿಸಿದ ಉಳಿದ ಕಂಪ್ಯೂಟರುಗಳಿಗೆ ಬರಲೇ ಇಲ್ಲ. ಬೇಗೂರಿನಿಂದ ಕಲಿಯಲು ಬರುವ ಶೋಭಾ ಗಮನವಿಟ್ಟು ಕೇಳಿಸಿಕೊಂಡು, “ಸಾರ್, ಬಂದಿದ್ದನ್ನೆಲ್ಲ ಅದು ತಾನೇ ಇಟ್ಕೊಂಡಿದೆ ಅನ್ಸತ್ತೆ. ನಮಗೂ ಕೊಡು ಅಂತ ಹೇಳಿದ್ರಾ?” ಎಂದರು.

ಹೇಳಿರಲಿಲ್ಲ! ಬಂದ ಇಂಟರ್ನೆಟ್ಟನ್ನು ಉಳಿದ ಕಂಪ್ಯೂಟರುಗಳಿಗೆ ಮುಂದಕ್ಕೆ ಕಳಿಸುವ ಆ ಒಂದು ಸೆಟ್ಟಿಂಗನ್ನು ಗಾಬರಿಯಲ್ಲಿ ಮರೆತಿದ್ದೆ. ಆನ್ ಮಾಡಿದ್ದೇ ತಡ, ಪರದೆಯನ್ನು ಓದಿ ಹೇಳುವ ದನಿಗಳು ಎಲ್ಲ ಕಂಪ್ಯೂಟರುಗಳಿಂದ ಒಟ್ಟಿಗೇ ಹೊರಟವು. “ಒಳ್ಳೆ ಸಂತೆ ಆಯ್ತು, ಹೆಡ್‌ಫೋನ್ ಹಾಕ್ಕೊಳ್ರೇ!” ಎಂದು ಶೋಭಾ ನಕ್ಕರು. ಪರೀಕ್ಷೆ ಸಮಯಕ್ಕೆ ಸರಿಯಾಗಿ ಶುರುವಾಯಿತು.

ಎಲ್ಲರೂ ಪಾಸಾದರು. ಈಗ ಕೆಲಸದಲ್ಲಿರುವ ಶೋಭಾ ಶನಿವಾರ ಬಂದು ಹೊಸಬರಿಗೆ ನೆಟ್‌ವರ್ಕ್ ಪಾಠ ಮಾಡುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ನಾನೂ ಕೇಳುತ್ತೇನೆ.