ಸೆರಗು ಜಗ್ಗಿ ಹೇಳಿದ್ದಳು

“ವಸಿ ಬಸ್ಸು ನಿಲ್ಸಪ್ಪಾ, ನನ್ ಮಗ್ಳು ಒಂದಕ್ಕೆ ಓಗ್ಬೇಕು!” ಎಂದು ನನ್ನ ಪಕ್ಕದಲ್ಲಿದ್ದ ಹೆಂಗಸು ಕೂಗಿದಾಗ, ಮಳವಳ್ಳಿಯಿಂದ ಮದ್ದೂರಿಗೆ ಹೊರಟಿದ್ದ ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಎಪ್ಪತ್ತರ ದಶಕದ ಮಾತು. ಮಗಳು ಚಿಕ್ಕವಳಲ್ಲ, ಇಪ್ಪತ್ತು ದಾಟಿದವಳು. ವಯಸ್ಸಿಗೆ ತಕ್ಕ ಬುದ್ಧಿ ಬೆಳೆದಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ತಾಯಿಯ ಸೆರಗನ್ನು ಒಂದೇ ಸಮನೆ ಜಗ್ಗುತ್ತಿದ್ದಳು.

“ಇನ್ನೇನು ಕೆ.ಎಂ. ದೊಡ್ಡಿ ಬಂತಲ್ಲಮ್ಮ, ಅಲ್ಲೀಗಂಟ ತಡ್ಕೊಳ್ಲಿ” ಎಂದ ಕಂಡಕ್ಟರ್. ಹಿಂದೆ ಯಾರೋ ನಕ್ಕರು. ತಾಯಿ ಎದ್ದು ಹೋಗಿ ಡ್ರೈವರನ್ನೂ ಬೇಡಿಕೊಂಡಳು. ಬಸ್ಸು ಕಬ್ಬಿನ ಗದ್ದೆಗಳ ನಡುವೆ ಓಡುತ್ತಲೇ ಇತ್ತು. ಅಷ್ಟರಲ್ಲಿ ಹುಡುಗಿಯ ಲಂಗ ಒದ್ದೆಯಾಗಿ ಸೀಟಿನಿಂದ ಕೆಳಗೆ ಹರಿಯಿತು. ಮುಂದೆ ಕೂತವರು ಬೈಯುತ್ತಾ ಕಾಲು ಎತ್ತಿಕೊಂಡರು.

ತಾಯಿ ಒರೆಸುತ್ತಾ ಅಳುತ್ತಿದ್ದಳು. ನಾನೂ ಬಗ್ಗಿ, “ನಾಚಿಕೊಳ್ಳಬೇಡಿ, ಹೋಗಲಿ ಬಿಡಿ” ಎಂದೆ.

“ನಾಚ್ಕೆಗಲ್ಲ ಕಣವ್ವ. ಬಂದಾಗ ಸೆರಗು ಜಗ್ಗು ಅಂತ ಕಲ್ಸೋಕೆ ವರ್ಸಗಟ್ಲೆ ಇಡೀತು. ಇವತ್ತು ಯೋಳುದ್ಲು, ಯಾರೂ ಕೇಳ್ನಿಲ್ಲ. ಇನ್ಯಾಕೆ ಯೋಳ್ತಾಳೆ?”

ಕೆಲವು ತಿಂಗಳ ಮೇಲೆ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಸಿಕ್ಕರು. ಹುಡುಗಿಯ ಲಂಗ ಹಿಂದೆ ಒದ್ದೆಯಾಗಿತ್ತು. ನಾನು ಕೇಳುವ ಮೊದಲೇ ತಾಯಿ, “ಆವತ್ತಿಂದ ಯೋಳೇ ಇಲ್ಲ ಕಣವ್ವ” ಎಂದಳು.