ನಾಟಿಯೋ, ಫಾರಮ್ಮೋ

ಮೊನ್ನೆ ಹಳೆ ಸಾಮಾನಿನ ಅಂಗಡಿಯ ಬುಟ್ಟಿಯಲ್ಲಿ ಹಳ್ಳಿಗಾಡಿನ ಹಾಡುಗಳ ಒಂದು ಕಂಟ್ರಿ ಮ್ಯೂಸಿಕ್ ಸಿ.ಡಿ. ಕೈಗೆ ಸಿಕ್ಕಿತು. ಮುಖಪುಟದಲ್ಲಿ ಹ್ಯಾಟ್ ಹಾಕಿದ ಗಾಯಕ ಪಿಕಪ್ ಟ್ರಕ್ಕಿಗೆ ಒರಗಿ ನಿಂತಿದ್ದ. ನಾನು ಮೊದಲು ನೋಡಿದ್ದು ಅವನ ಬೂಟು. ಕೆಸರಿನ ಸುಳಿವೇ ಇರಲಿಲ್ಲ... ಈ ಚಾಳಿ ನನಗೆ ಅಂಟಿದ್ದು ಅಮೆರಿಕದ ಶ್ಯಾಂಟಿಲಿಯಲ್ಲಿ ಪಕ್ಕದ ಮನೆಯಲ್ಲಿದ್ದ ಅಂಕಲ್ ಅವರಿಂದ.

ಮೈಸೂರಿನವರು. ಫೇರ್‌ಫ್ಯಾಕ್ಸ್‌ನ ಆಫೀಸಿಗೆ ಇಬ್ಬರೂ ಅವರ ಕಾರಿನಲ್ಲೇ ಹೋಗುತ್ತಿದ್ದೆವು. ಹೈಸ್ಕೂಲಿನಲ್ಲಿದ್ದ ಅವರ ಮಗಳು ಹಿಂದಿನ ಸೀಟಿನಲ್ಲಿ ಇರುತ್ತಿದ್ದಳು. ಹೊಸ ಕಂಟ್ರಿ ಆಲ್ಬಮ್ ಯಾವುದು ಬಂದರೂ ಅಂಕಲ್ ಲೈಬ್ರರಿಯಿಂದ ತಂದು ಕೇಳುವರು, ಕೇಳಿ ಅನುಮಾನಪಡುವರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು. ಕೋಳಿಯ ಹಾಗೆ ಆಲ್ಬಮ್ಮಿಗೂ ಎರಡೇ ಜಾತಿ: ನಾಟಿ, ಇಲ್ಲವೇ ಫಾರಂ.

“ಮೊದಲ್ನೇ ಹಾಡಲ್ಲಿ ಟ್ರಕ್ಕು, ಎರಡನೇದ್ರಲ್ಲಿ ಬಿಯರ್ರು, ಮೂರನೇದಕ್ಕೆ ಅಮ್ಮ ಜ್ಞಾಪಕಕ್ಕೆ ಬರ್ತಾಳೆ. ಫಾರಂ ಕಣಯ್ಯಾ,” ಎನ್ನುವರು. ಡ್ರಮ್ಮು ಕಂಪ್ಯೂಟರಿನದು, ಪಿಟೀಲನ್ನು ಮೂಲೆಗೆ ತಳ್ಳಿದ್ದಾರೆ ಎಂದು ಗೊಣಗುವರು. ಇಷ್ಟು ಬಯ್ಯುವವರು ಯಾಕೆ ತಂದು ಕೇಳುತ್ತಾರೆ ಎಂದು ನನಗೆ ಅವರ ಮೇಲೇ ಅನುಮಾನ.

ಒಂದು ಬೆಳಗ್ಗೆ ಮಗಳು ಏನೂ ಹೇಳದೆ ಹಿಂದಿನಿಂದ ಕೈಚಾಚಿ ಒಂದು ಸಿ.ಡಿ. ಹಾಕಿದಳು. ಗಿಟಾರ್ ಜೊತೆ ಒಂದು ಹೆಣ್ಣುದನಿ, ಮೂಗಿನಲ್ಲಿ ಎಳೆದೆಳೆದು ಹಾಡುತ್ತಿತ್ತು.

“ಫಾರಂ,” ಎಂದರು ಅಂಕಲ್. “ಯಾರದೋ ದುಃಖಾನ ಬಾಡಿಗೆಗೆ ತಂದ್ಹಾಗಿದೆ.”

“ಅದು ನಾನು, ಅಪ್ಪಾ.”

ಶಾಲೆ ಬಂದೊಡನೆ ಅವಳು ಇಳಿದು ಹೋದಳು. ಮಾರನೆಯ ದಿನದಿಂದ ಅವಳು ಸ್ಕೂಲ್ ಬಸ್ ಹಿಡಿದಳು. ಗಿಟಾರು ಗ್ಯಾರೇಜು ಸೇರಿತು.

ಆ ಸಿ.ಡಿ. ಮಾತ್ರ ಕಾರಿನಲ್ಲೇ ಉಳಿಯಿತು. ಅಂಕಲ್ ಅದನ್ನು ಮತ್ತೆ ಮತ್ತೆ ಹಾಕಿದರು. ಕೆಲವು ವಾರಗಳಾದ ಮೇಲೆ ರಸ್ತೆಯ ಮೇಲಿನ ಕಣ್ಣು ತೆಗೆಯದೆ, “ಇದು ನಾಟಿ ಕಣಯ್ಯಾ,” ಎಂದರು.

“ಅವಳಿಗೆ ಹೇಳಿ ಅಂಕಲ್.”

“ಈಗ ಹೇಳಿದ್ರೆ ನಂಬ್ತಾಳಾ? ಸಮಾಧಾನಕ್ಕೆ ಹೇಳ್ತಾರೆ ಅನ್ಕೋತಾಳೆ.”

ಅವರ ಕಿವಿ ಹೇಳಿದ್ದೋ, ಕರುಳು ಹೇಳಿದ್ದೋ, ನನಗೂ ಆಗ ಅನುಮಾನವೇ ಇತ್ತು. ಮಗಳಿಗಂತೂ ಅವರು ಹೇಳಲೇ ಇಲ್ಲ...

ಕಳೆದ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ಈಗ ಅಟ್ಲಾಂಟಾದಲ್ಲಿರುವ ಮಗಳು ಮನೆ ಖಾಲಿ ಮಾಡಲು ಬಂದಿದ್ದಳು. ನನಗೆ ತಡೆಯಲಾಗಲಿಲ್ಲ. ಅಪ್ಪ ಅವಳ ಹಾಡನ್ನು ವಾರಗಟ್ಟಲೆ ಕೇಳಿದ್ದನ್ನು, ಕೊನೆಗೆ ನಾಟಿ ಎಂದಿದ್ದನ್ನು ಹೇಳಿಬಿಟ್ಟೆ.

ಅವಳು ರಟ್ಟಿನ ಪೆಟ್ಟಿಗೆಗೆ ಟೇಪು ಅಂಟಿಸುತ್ತಲೇ ನಕ್ಕಳು. “ಥ್ಯಾಂಕ್ಸ್. ಬಟ್ ಯು ಡೋಂಟ್ ಹ್ಯಾವ್ ಟು ಸೇ ದಟ್. ಅಪ್ಪ ಹಾಗೆ ಹೇಳಲ್ಲ.”

ನಾನು ಇನ್ನೊಮ್ಮೆ ಹೇಳಿದೆ. ನಂಬಲಿಲ್ಲ, ಅಪ್ಪನ ಮಗಳು.